ಎರಡನೆಯ ವಿಜಯನಗರ: ಹಲವು ಕೈಗಳು ಕೂಡಿ ಕಟ್ಟಿದ ಒಂದು ರಾಜ್ಯದ ವಿಚಾರ

ಸಿಂಧನೂರು ತಾಲ್ಲೂಕಿನ ಮುಕ್ಕುಂದವು ತುಂಗಭದ್ರೆಯ ಎಡದಂಡೆಯ ಮೇಲಿರುವ ಗ್ರಾಮ. ಅಲ್ಲಿಂದ ಪ್ರವಾಹಕ್ಕೆ ಎದುರಾಗಿ ಸಾಗಿದರೆ ಆನೆಗೊಂದಿ, ಹಂಪೆಗಳು ದೊರೆಯುತ್ತವೆ. ನದಿಗೆ ಬೆನ್ನುಮಾಡಿ ಮಸ್ಕಿ, ಲಿಂಗಸುಗೂರುಗಳ ಕಡೆಗೆ ನಡೆದು ಮುಂದುವರಿದರೆ ಕೃಷ್ಣೆ ಸಿಗುತ್ತದೆ. ಶಾಸನಗಳು ಎಡೆದೊರೆನಾಡೆಂದು ಕರೆಯುವ, ಈಚಿನ ಇತಿಹಾಸಕಾರರು ರಾಯಚೂರು ದೋಆಬವೆಂದು ಹೆಸರಿಸುವ ಈ ನಾಡಿನಷ್ಟು ಒಡೆಯರನ್ನು ಬದಲಾಯಿಸಿದ ಭೂಭಾಗ ಕರ್ಣಾಟಕದಲ್ಲಿ ಬಹುಶಃ ಮತ್ತೊಂದಿಲ್ಲ. ವಿಜಯನಗರದವರೂ ಬಹಮನಿಗಳೂ ಇದಕ್ಕಾಗಿ ತಲೆಮಾರುಗಳುದ್ದಕ್ಕೂ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದನು. 1565ರ ಅನಂತರ ಅದು ಬಿಜಾಪುರದ ಪಾಲಾಯಿತು. 1686ರಲ್ಲಿ ಬಿಜಾಪುರವೇ ಮೊಗಲರ ವಶವಾಯಿತು. ಆಮೇಲೆ ನಿಜಾಮರು, 1853ರಿಂದ 1860ರವರೆಗೆ ಆಂಗ್ಲರು, ಮತ್ತೆ ನಿಜಾಮರು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ರಾಯಚೂರು ಕನ್ನಡನಾಡಿನ ಅಂಗವಾಯಿತು. ಇಂತಹ ನಾಡಿನ ಜನಕ್ಕೆ ‘ಈ ನೆಲ ಯಾರದು?’ ಎಂಬ ಪ್ರಶ್ನೆಗಿಂತ ‘ಎಷ್ಟು ದಿನ ಅವರದು?’ ಎಂಬ ಪ್ರಶ್ನೆಯೇ ಹತ್ತಿರದ್ದಾಗಿದ್ದಿರಬೇಕು.

ಆ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಎರಡು ನದಿಗಳ ನಡುವೆಯೂ ಅವುಗಳ ಆಚೀಚೆಯೂ ಒಂದು ಸಾಹಿತ್ಯರಾಶಿ ಬೆಳೆಯಿತು. ಅದರಲ್ಲಿ ಒಂದು ವಿಜಯನಗರವಿದೆ. ಅದು ಹಂಪೆಯ ಕಲ್ಲುಗಳಲ್ಲಿ ನಾವು ಕಾಣುವ ವಿಜಯನಗರವಲ್ಲ. ಅದರ ಹುಟ್ಟು ಬೇರೆ, ಪತನದ ಕಾರಣ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಇನ್ನೂ ಮುಗಿದಿಲ್ಲ. ಈ ಎರಡನೆಯ ವಿಜಯನಗರವನ್ನು ಯಾವೊಬ್ಬ ಕವಿಯೂ ರಚಿಸಲಿಲ್ಲ. ಪರಸ್ಪರ ಮುಖಪರಿಚಯವಿಲ್ಲದ ಕವಿಗಳು, ಮಠದ ಲೇಖಕರು, ಪಾಳೆಯಪಟ್ಟುಗಳ ಬಖೈರುಕಾರರು, ಓಲೆ ನಕಲು ಮಾಡುವವರು ಇನ್ನೂರು ಮುನ್ನೂರು ವರ್ಷಗಳಲ್ಲಿ ಕೂಡಿ ಕಟ್ಟಿದರು. ಕಟ್ಟಿದ ಬಗೆ ಹೇಗೆ, ಇತಿಹಾಸದ ಅಭ್ಯಾಸಿಯು ಅದನ್ನು ಹೇಗೆ ಓದಬೇಕು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಡೆದುದಕ್ಕೆ ಬದಲಾಗಿ ನಡೆಯಬಹುದಾಗಿದ್ದುದನ್ನು ಊಹಿಸುವ ಬರೆಹ ಹೊಸದೇನಲ್ಲ. ಅಲೆಗ್ಸಾಂಡರನು ಇಟಲಿಯ ಮೇಲೆ ಏರಿಬಂದಿದ್ದರೆ ಏನಾಗುತ್ತಿತ್ತೆಂದು ರೋಮಿನ ಲಿವಿಯು ತನ್ನ ಇತಿಹಾಸದ ಒಂಬತ್ತನೆಯ ಭಾಗದಲ್ಲಿ ಚರ್ಚಿಸಿದ್ದಾನೆ. 1931ರಲ್ಲಿ ಜೆ. ಸಿ. ಸ್ಕ್ವೈರ್ ಎಂಬವರು ಇಂತಹ ಪ್ರಬಂಧಗಳ ಸಂಕಲನವೊಂದನ್ನು ಲಂಡನ್ನಿನಲ್ಲಿ ಹೊರತಂದರು. ಅದರಲ್ಲಿ ಚರ್ಚಿಲ್ಲರ ಪ್ರಬಂಧವು ವಿಶೇಷವಾಗಿ ಗಮನಾರ್ಹ: ಅಮೆರಿಕದ ಅಂತರ್ಯುದ್ಧದಲ್ಲಿ ಸೇನಾನಿ ಲೀ ಗೆದ್ದಿರುವ ಲೋಕದೊಳಗೆ ನಿಂತು, ಅವನು ಸೋತಿದ್ದರೆ ಏನಾಗುತ್ತಿತ್ತೆಂದು ಅವರು ಊಹಿಸುತ್ತಾರೆ. ಬರೆಯುವವನು ತನ್ನ ಕಾಲವನ್ನು ಬಿಟ್ಟು ಮತ್ತೊಂದು ಕಾಲದೊಳಗೆ ಪೀಠ ಹಾಕಿಕೊಳ್ಳುವ ಈ ಉಪಾಯವು ನಮ್ಮ ಕಾಲಜ್ಞಾನಕಾರರಿಗೆ ಚೆನ್ನಾಗಿ ತಿಳಿದಿತ್ತು. ಭೇದವಿಷ್ಟೆ: ಆಂಗ್ಲ ಪ್ರಬಂಧಕಾರರಿಗೆ ಅದು ಬುದ್ಧಿಯ ವಿನೋದ; ಇವರಿಗೆ ಸೋಲಿನೊಡನೆ ಬಾಳುವ ಮಾರ್ಗ.

ಈ ಮಾರ್ಗದ ಮೊದಲ ಮಾದರಿ ವಿಜಯನಗರಕ್ಕಿಂತ ಹಿಂದಿನದು. ಇಂದಿನ ಗಂಗಾವತಿಯ ಕಡೆಯ ಕುಮ್ಮಟದುರ್ಗವನ್ನಾಳುತ್ತಿದ್ದ ಕಂಪಿಲರಾಯನು, ದಿಲ್ಲಿಯ ಸುಲ್ತಾನನಿಗೆ ತಿರುಗಿಬಿದ್ದು ಓಡಿಬಂದ ಬಹಾಉದ್ದೀನ್ ಗರ್ಶಾಸ್ಪನಿಗೆ ಆಶ್ರಯವಿತ್ತ ಕಾರಣ, 1327ರ ಸುಮಾರಿಗೆ ಮಹಮ್ಮದ ತುಘಲಕನ ಸೇನೆಗೆ ಬಲಿಯಾದನು. ಇಬ್ನ್ ಬತೂತನು ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಕಂಪಿಲನ ಮಗ ಕುಮಾರರಾಮನ ಕಥೆಯನ್ನು ನಂಜುಂಡ, ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಮೊದಲಾದವರು ಸಾಂಗತ್ಯದಲ್ಲಿ ಹಾಡಿದರು. ಜನಪದರು ತಮ್ಮದೇ ರೀತಿಯಲ್ಲಿ ಹಾಡಿಕೊಂಡರು. ಮಲತಾಯಿ ರತ್ನಾಜಿಯ ಸುಳ್ಳು ದೂರಿನಿಂದ ರಾಮನ ತಲೆ ತೆಗೆಯಲು ತಂದೆಯೇ ಆಜ್ಞೆಮಾಡಿದಾಗ, ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ ರಾಮನನ್ನು ಮರೆಯಲ್ಲಿಡುತ್ತಾನೆ. ಸತ್ತನೆಂದು ನಂಬಿ ಶತ್ರುವು ಏರಿಬಂದಾಗ ಅವನು ಹೊರಬಂದು ಗೆಲ್ಲುತ್ತಾನೆ. ಕೊನೆಗೆ ಸಾಯುವುದೇನೋ ಸಾಯುತ್ತಾನೆ. ಆದರೆ ಸತ್ತನೆಂದು ಲೋಕ ತಿಳಿದವನು ಸತ್ತಿಲ್ಲ, ಹೊತ್ತು ಬಂದಾಗ ಹೊರಬರುವನು ಎಂಬ ಕಲ್ಪನೆ ಈ ನೆಲದಲ್ಲಿ ಅಂದೇ ಬೇರುಬಿಟ್ಟಿತ್ತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಇಷ್ಟೊಂದು ಕಲ್ಪನೆಯ ನಡುವೆಯೂ ಆ ಆಶ್ರಿತನು ಬಹಾದೂರನೆಂಬ ಹೆಸರಿನಲ್ಲಿ ಸಾಂಗತ್ಯಗಳಲ್ಲಿ ಉಳಿದುಕೊಂಡಿದ್ದಾನೆ. ಕಟ್ಟುಕಥೆಯೆಂದು ತಳ್ಳಿಹಾಕುವವರು ಈ ಬಹಾದೂರನನ್ನು ಒಮ್ಮೆ ನೆನೆಯುವುದೊಳ್ಳೆಯದು.

ಇನ್ನು ವಿಜಯನಗರದ ಹುಟ್ಟಿನ ವಿಚಾರ. ಮೊಲವು ನಾಯಿಯನ್ನಟ್ಟಿದ ಸ್ಥಳದಲ್ಲಿ ವಿದ್ಯಾರಣ್ಯರು ನಗರವನ್ನು ಕಟ್ಟಿಸಿದರೆಂಬ ಕಥೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಸುಮಾರು 1535ರಲ್ಲಿ ಬರೆದ ಪೋರ್ತುಗೀಸ ನೂನಿಜನು ಇದನ್ನು ಆಗಲೇ ಕೇಳಿದ್ದನು. ಅವನ ಬರೆಹದಲ್ಲಿ ತಪಸ್ವಿಯೂ ಇದ್ದಾನೆ, ನಗರಕ್ಕೆ ಅವನ ಹೆಸರಿಟ್ಟ ವಿಷಯವೂ ಇದೆ. ಸ್ಥಾಪಕನಾದ ಅರಸನು ಮಾತ್ರ ಹರಿಹರನಲ್ಲ, ದೇವರಾಯ. ಗುಜರಾತಿನ ಅಹಮದಾಬಾದಿನ ಸ್ಥಾಪನೆಗೂ ಇದೇ ಮೊಲದ ಕಥೆಯನ್ನು ಹೇಳುತ್ತಾರೆ. ಹೀಗಿರುವಲ್ಲಿ ಮೊಲದಿಂದ ಕಾಲನಿರ್ಣಯವಾಗದು. ಕಾಲನಿರ್ಣಯಕ್ಕೆ ಬಹುಕಾಲ ಆಧಾರವಾಗಿದ್ದುದು ಬಾಗೇಪಲ್ಲಿ ಮತ್ತು ಕಾಪಲೂರು ತಾಮ್ರಶಾಸನಗಳು. ಶಕ 1258ನೆಯ ಧಾತು ಸಂವತ್ಸರ, ಎಂದರೆ 1336ರಲ್ಲಿ, ವಿದ್ಯಾರಣ್ಯರ ಸಾನ್ನಿಧ್ಯದಲ್ಲಿ ಪಟ್ಟಾಭಿಷೇಕವಾಯಿತೆಂಬುದು ಇವುಗಳ ಸಾರ. ಆದರೆ ಹರಿಹರ ಸಹೋದರರು ಶೃಂಗೇರಿಗೆ ದತ್ತಿಯಿತ್ತ 1346ರ ಶಾಸನವು ಭಾರತೀತೀರ್ಥರನ್ನು ಹೆಸರಿಸುತ್ತದೆ. ವಿದ್ಯಾರಣ್ಯರು ಸಮಕಾಲೀನ ಶಾಸನಗಳಲ್ಲಿ ಪ್ರಧಾನವಾಗಿ ಕಾಣಬರುವುದು ಸುಮಾರು 1375ರ ಅನಂತರ. ಸ್ಥಾಪನೆಯ ಕಥೆಯನ್ನು ಶೃಂಗೇರಿಯ ಪರವಾಗಿ ಆಮೇಲೆ ಸೃಷ್ಟಿಸಲಾಯಿತೆಂದು 1929ರಲ್ಲಿಯೇ ಫಾದರ್ ಹೇರಾಸರು ವಾದಿಸಿದರು. ಈ ಎರಡು ತಾಮ್ರಶಾಸನಗಳು ಕೂಟವೆಂದು ವಸುಂಧರಾ ಫಿಲಿಯೋಜಾ ಅವರು 1973ರಲ್ಲಿಯೂ, ಹರ್ಮನ್ ಕುಲ್ಕೆ ಅವರು 1985ರಲ್ಲಿಯೂ ಸಮರ್ಥಿಸಿದರು.

ಕೂಟಶಾಸನವೆಂಬ ಮಾತು ಕಠಿನವಾದುದು. ಅದನ್ನು ಕೇಳಿದೊಡನೆ ಮೋಸವೆಂಬ ಅರ್ಥವೊಂದೇ ಹೊಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ಹದಿನಾರನೆಯ ಶತಮಾನದ ಲೇಖಕನಿಗೆ, ಧರ್ಮಪೀಠವು ರಾಜ್ಯವನ್ನು ಹುಟ್ಟಿಸಿತೆಂಬುದು ಮೊದಲೇ ತಿಳಿದ ಸತ್ಯ; ಪತ್ರ ಮಾತ್ರ ಇರಲಿಲ್ಲ. ಇರಬೇಕಾಗಿದ್ದ ಪತ್ರವನ್ನು ಅವನು ಬರೆದನು. ಮಠದ ಭೂಮಿಕಾಣಿಗಳ ಹಿತವೂ ಇದರಲ್ಲಿ ಸೇರಿತ್ತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಮೊಲದ ಕಥೆಗೆ ಹೀಗೆ ತಿಥಿ, ವಾರ, ಸಾಕ್ಷಿಗಳು ಕೂಡಿಕೊಂಡವು.

ತೆಲುಗಿನ ‘ರಾಯವಾಚಕಮು’ ಮತ್ತೊಂದು ಭಾಗವನ್ನು ಕಟ್ಟಿತು. ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ ಸ್ಥಾನಪತಿಯು ತನ್ನ ಒಡೆಯ ವಿಶ್ವನಾಥ ನಾಯಕನಿಗೆ ಕಳುಹಿಸಿದ ವರದಿಯೆಂಬ ವೇಷದಲ್ಲಿ ಆ ಗದ್ಯಗ್ರಂಥವಿದೆ. ಆದರೆ ಅದು ಹುಟ್ಟಿದ್ದು ಹಂಪೆ ಹಾಳಾದ ಮೇಲೆ, ಹದಿನಾರನೆಯ ಶತಮಾನದ ಕೊನೆಯಲ್ಲಿಯೋ ಹದಿನೇಳನೆಯದರ ಆದಿಯಲ್ಲಿಯೋ, ಮಧುರೆಯ ನಾಯಕರ ಆಶ್ರಯದಲ್ಲಿ. ಇದನ್ನು ಫಿಲಿಪ್ ವ್ಯಾಗೊನರ್ ತಮ್ಮ 1993ರ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಇದರಲ್ಲಿ ನಗರವು ಶುಭಮುಹೂರ್ತದ ಬಲದಿಂದ ನಿಂತಿದೆ. ಮುಹೂರ್ತಕ್ಕೊಂದು ಅವಧಿ ಇದೆ. ಅವಧಿ ತೀರಿದಾಗ ನಗರ ಹೋಗುತ್ತದೆ. ಹೀಗೆ ಹೇಳಿದ ಮೇಲೆ ಸೋತವರ ಮೇಲೆ ಕಳಂಕವಿಲ್ಲ.

ಪತನದ ಕಥೆಗಳಲ್ಲಿಯೂ ಇದೇ ನೀತಿ ಕಾಣುತ್ತದೆ. 1565ರ ಜನವರಿಯ ಯುದ್ಧಕ್ಕೆ ತಾಳಿಕೋಟೆ, ರಕ್ಕಸಗಿ-ತಂಗಡಗಿ, ಬನ್ನಿಹಟ್ಟಿ ಎಂಬ ಹೆಸರುಗಳಿವೆ. ನಡೆದ ಸ್ಥಳವೇ ವಿವಾದಗ್ರಸ್ತವಾಗಿದೆ. ಕನ್ನಡದ ‘ರಾಮರಾಜನ ಬಖೈರು’ ಕರ್ತೃವಿನ ಹೆಸರಿಲ್ಲದ ಗದ್ಯ. ಕರ್ನಲ್ ಮೆಕೆಂಜಿಯ ಸಂಗ್ರಹದ ಮೂಲಕ ವಿದ್ವಾಂಸರ ಗಮನಕ್ಕೆ ಬಂದುದು. ಬಿಜಾಪುರದ ರಾಯಭಾರಿಯು ಹಂದಿಗಳನ್ನು ಕಂಡು ಹೇಸಿದುದು, ರಾಮರಾಜನು ಅವನನ್ನು ಪರಿಹಾಸ ಮಾಡಿದುದು, ಅದರಿಂದ ವೈರ ಬೆಳೆದುದು ಅಲ್ಲಿ ಕಾರಣವಾಗಿ ಬರುತ್ತದೆ. ಒಂದು ಮಹಾಸಾಮ್ರಾಜ್ಯ ಬೀದಿಯ ಒಂದು ಮಾತಿನಿಂದ ಬಿತ್ತೆಂಬುದನ್ನು ನಾವು ನಂಬಬೇಕಾಗಿಲ್ಲ. ಎದುರು ಪಕ್ಷದ ಫಿರಿಸ್ತನೂ ತನ್ನ ಪಾಲಿನ ಕಟ್ಟಡವನ್ನು ಕಟ್ಟಿದವನೇ. ರಾಮರಾಜನ ಗರ್ವ ಅವನಿಗೂ ಮುಖ್ಯ ಕಾರಣ. ಆದರೆ ಅಲಿ ಆದಿಲಶಾಹನು ರಾಮರಾಜನ ಪುತ್ರಶೋಕದಲ್ಲಿ ವಿಜಯನಗರಕ್ಕೆ ಹೋಗಿ ಸಂತೈಸಿದನೆಂದೂ, ರಾಮರಾಜನ ಪತ್ನಿಯು ಅವನನ್ನು ಮಗನೆಂದು ಬಗೆದಳೆಂದೂ ಹೇಳುವವನು ಫಿರಿಸ್ತನೇ. ಎರಡು ಮತಗಳ ಸಮರವೆಂಬ ಸರಳ ಚಿತ್ರಕ್ಕೆ ಈ ವಿವರ ಹೊಂದುವುದಿಲ್ಲ. ಆದುದರಿಂದಲೇ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಎಡೆ ದೊರೆಯುವುದು ವಿರಳ. ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (2018) ನಾಟಕವು ಈ ಯುದ್ಧವನ್ನೇ ವಸ್ತುವಾಗಿಸಿಕೊಂಡಿದೆ.

ಈ ಕಟ್ಟಡದ ಅತ್ಯಂತ ವಿಚಿತ್ರವಾದ ಅಂತಸ್ತೆಂದರೆ ಕಾಲಜ್ಞಾನ. ಮುಂದಾಗುವುದನ್ನು ಹಿಂದಿನ ಶರಣನೊಬ್ಬನು ಹೇಳಿಟ್ಟನೆಂಬುದು ಇದರ ಚೌಕಟ್ಟು. ಚೆನ್ನಬಸವಣ್ಣ, ಸರ್ವಜ್ಞ, ಕೊಡೇಕಲ್ಲ ಬಸವಣ್ಣ ಮೊದಲಾದವರ ಹೆಸರಿನಲ್ಲಿ ಕಾಲಜ್ಞಾನಗಳುಂಟು. ಪುರಾಣಗಳಲ್ಲಿ ನಂದರನ್ನೂ ಮೌರ್ಯರನ್ನೂ ‘ಆಳುವರು’ ಎಂದು ಭವಿಷ್ಯದ ಕ್ರಿಯಾಪದದಲ್ಲಿಯೇ ಹೇಳಿರುವುದರಿಂದ ಈ ಪದ್ಧತಿಗೆ ಪುರಾತನವಾದ ಆಧಾರವಿತ್ತು. ಕಾಲ ನಿಶ್ಚಿತವಾಗಿರುವ ಕನ್ನಡ ನಿದರ್ಶನವೆಂದರೆ ವಿರೂಪಾಕ್ಷಪಂಡಿತನ ‘ಚೆನ್ನಬಸವಪುರಾಣ’. ಅದು ಮುಗಿದುದು 1584ರಲ್ಲಿ, ಯುದ್ಧವಾಗಿ ಹತ್ತೊಂಬತ್ತು ವರ್ಷಗಳ ಮೇಲೆ. ಅಲ್ಲಿ ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನು ಸಿದ್ಧರಾಮನಿಗೆ ಕಥೆ ಹೇಳುತ್ತಾನೆ. ಹೀಗಾಗಿ ವಿಜಯನಗರದ ಕಾಲದ ಶರಣರ ವೃತ್ತಾಂತವೆಲ್ಲ ಇನ್ನು ಆಗಬೇಕಾದುದಾಗಿ ಬರುತ್ತದೆ. ಕವಿಗೆ ಕಳೆದುಹೋದುದು, ಕಥೆ ಹೇಳುವವನಿಗೆ ಬರಲಿರುವುದು.

ಇಂತಹ ಗ್ರಂಥಗಳ ಕಾಲವನ್ನು ಅರಿಯಲು ಒಂದು ಸುಲಭವಾದ ಉಪಾಯವಿದೆ. ಭವಿಷ್ಯವು ಎಲ್ಲಿಯವರೆಗೆ ನಡೆದ ಇತಿಹಾಸದೊಡನೆ ಅಕ್ಷರಶಃ ಹೊಂದುತ್ತದೆಯೋ ಅಲ್ಲಿಯವರೆಗೆ ಕರ್ತೃವು ಕಂಡು ಕೇಳಿದುದು. ಎಲ್ಲಿ ಅದು ಇತಿಹಾಸವನ್ನು ಬಿಟ್ಟು ಹಾರುತ್ತದೆಯೋ ಅಲ್ಲಿ ಅವನ ಲೇಖಣಿ ನಿಂತ ವರ್ಷ. ಯೆಹೂದ್ಯರ ದಾನಿಯೇಲನ ಗ್ರಂಥಕ್ಕೆ ಮೂರನೆಯ ಶತಮಾನದಲ್ಲಿ ಪೋರ್ಫಿರಿಯು ಇದೇ ವಿಚಾರಣೆಯನ್ನು ಅನ್ವಯಿಸಿ, ಅದು ಹೇಳಿಕೊಳ್ಳುವುದಕ್ಕಿಂತ ಬಹಳ ಈಚಿನದೆಂದು ಸಾಧಿಸಿದನು. ಕನ್ನಡ ಕಾಲಜ್ಞಾನಗಳಲ್ಲಿ ಈ ಉಪಾಯವನ್ನು ಬಳಸುವಾಗ ಎಚ್ಚರಿಕೆ ಅಗತ್ಯ; ಏಕೆಂದರೆ ಒಂದೇ ಗ್ರಂಥದಲ್ಲಿ ಲೇಖಣಿ ನಿಂತ ಸ್ಥಳ ಒಂದಲ್ಲ, ಹಲವು. ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬನು ತೊಡಗಿರುತ್ತಾನೆ, ಹೆಸರನ್ನು ಮಾತ್ರ ಹಳೆಯ ಶರಣನದನ್ನೇ ಉಳಿಸಿ.

ಹೀಗೆ ಮುಂದುವರಿಸಲು ಅವಕಾಶ ಕೊಟ್ಟುದು ನಮ್ಮ ಸಂವತ್ಸರಚಕ್ರ. ಯುದ್ಧವು ಶಕ 1486ನೆಯ ರಕ್ತಾಕ್ಷಿ ಸಂವತ್ಸರದಲ್ಲಿ ನಡೆಯಿತು. ರಕ್ತಾಕ್ಷಿಯು ಅರುವತ್ತು ವರ್ಷಗಳಿಗೊಮ್ಮೆ ಬರುತ್ತದೆ: 1624, 1684, 1744, 1804ರಲ್ಲಿ ಆರಂಭವಾದ ವರ್ಷಗಳೆಲ್ಲ ರಕ್ತಾಕ್ಷಿಗಳೇ. ‘ಇಂತಹ ಸಂವತ್ಸರದಲ್ಲಿ ಅರಸು ಬರುವನು’ ಎಂಬ ಮಾತು ಒಮ್ಮೆ ಹುಸಿಯಾದರೆ ಸುಳ್ಳಾಗುವುದಿಲ್ಲ. ಮುಂದಿನ ಸುತ್ತಿಗೆ ಹೋಗುತ್ತದೆ. ಶಕವರ್ಷವನ್ನು ಹೇಳದೆ ಸಂವತ್ಸರವನ್ನು ಮಾತ್ರ ಹೇಳಿದ ಭವಿಷ್ಯಕ್ಕೆ ಮುಪ್ಪಿಲ್ಲ. ಮೊಮ್ಮಗನು ಅಜ್ಜನ ಓಲೆಯನ್ನು ತೆಗೆದು ತನ್ನ ಕಾಲಕ್ಕೆ ಓದಿಕೊಳ್ಳಬಹುದು. ಅಲಸ್ಯದಿಂದಲೋ ಜಾಣ್ಮೆಯಿಂದಲೋ ಶಕವರ್ಷವನ್ನು ಬಿಟ್ಟವನು ತನಗೆ ತಿಳಿಯದಂತೆಯೇ ಮುಂದಿನವರಿಗೆ ಬಾಗಿಲನ್ನು ತೆರೆದಿಟ್ಟನು.

ಬರಬೇಕಾದ ಅರಸನ ಹೆಸರು ವಸಂತರಾಯ, ವೀರವಸಂತರಾಯ. ಅವನು ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂಬುದು ವೀರಶೈವ ಕಾಲಜ್ಞಾನಗಳ ನಿರೀಕ್ಷೆ. ಕಡಪದ ಕಡೆಯ ಪೋತುಲೂರಿ ವೀರಬ್ರಹ್ಮಂ ಅವರ ಹೆಸರಿನ ತೆಲುಗು ಕಾಲಜ್ಞಾನದಲ್ಲಿ ಇದೇ ಅರಸು ವೀರಭೋಗವಸಂತರಾಯನಾಗುತ್ತಾನೆ. ಆ ರೂಪದಲ್ಲಿ ವೀರಬ್ರಹ್ಮಂ ಅವರೇ ಮರಳುವರೆಂದು ಭಕ್ತರ ನಂಬಿಕೆ. ಸಂಗಮ, ಸಾಳುವ, ತುಳುವ, ಅರವೀಡು ಈ ನಾಲ್ಕು ವಂಶಗಳಲ್ಲಿ ವಸಂತನೆಂಬ ಹೆಸರಿನ ಯಾವ ಸಾಮ್ರಾಟನೂ ಇಲ್ಲ. ಇದು ಆಕಸ್ಮಿಕವಲ್ಲವೆಂದು ನನ್ನ ಊಹೆ. ವಂಶವಿಲ್ಲದ ಅರಸನನ್ನು ಯಾರು ಬೇಕಾದರೂ ಎದುರುನೋಡಬಹುದು, ವಿಶ್ವಕರ್ಮರೂ, ಜಂಗಮರೂ, ಒಕ್ಕಲುಮಕ್ಕಳೂ. ಮೇಲಾಗಿ ವಸಂತವು ಋತು. ಹೋದುದು ಬಂದೇ ತೀರುವುದೆಂಬ ಭರವಸೆ ಹೆಸರಿನಲ್ಲಿಯೇ ಇದೆ.

ನಿರೀಕ್ಷೆಯ ರಾಜಧಾನಿ ಹಂಪೆಯಾಗದೆ ಕಲ್ಯಾಣವಾದುದೇಕೆ? ಕಲ್ಯಾಣವು ಬಸವಾದಿ ಶರಣರ ಭೂಮಿ ಎಂಬುದು ಒಂದು ಕಾರಣ. ಇನ್ನೊಂದನ್ನು ಈಟನ್ ಮತ್ತು ವ್ಯಾಗೊನರ್ 2014ರ ತಮ್ಮ ಗ್ರಂಥದಲ್ಲಿ ಸೂಚಿಸಿದ್ದಾರೆ: ರಾಮರಾಜನೂ ಅವನ ಅರವೀಡು ಮನೆತನವೂ ಕಲ್ಯಾಣದ ಚಾಲುಕ್ಯರ ಸ್ಮೃತಿಯನ್ನು ತಮ್ಮದಾಗಿಸಿಕೊಳ್ಳಲು ಪ್ರಯತ್ನಿಸಿದರು. ಎಂದರೆ ಹಾಳಾದ ಎರಡು ನಗರಗಳು ಜನರ ಮನಸ್ಸಿನಲ್ಲಿ ಒಂದರ ಮೇಲೊಂದು ಬಿದ್ದು ಒಂದೇ ನಗರವಾದುವು.

ದೋಆಬಕ್ಕೆ ಹತ್ತಿರದ ಕೇಂದ್ರವೆಂದರೆ ಕೃಷ್ಣೆಯಾಚೆಯ ಸುರಪುರ ಸೀಮೆಯ ಕೊಡೇಕಲ್ಲು. ಆ ಪರಂಪರೆಯ ಕಾಲಜ್ಞಾನಗಳಿಗೆ ಅಮರಗನ್ನಡವೆಂಬ ಗುಪ್ತಲಿಪಿಯುಂಟು. ಗುಪ್ತಲಿಪಿಯಿಂದ ಎರಡು ಪ್ರಯೋಜನಗಳನ್ನು ಊಹಿಸಬಹುದು: ಆಳುವವನ ಕಣ್ಣಿಗೆ ಬೀಳದೆ ಅವನ ಅಂತ್ಯವನ್ನು ಬರೆಯಬಹುದು, ಓದಿ ಹೇಳುವ ಅಧಿಕಾರ ಮಠದವರಲ್ಲಿಯೇ ಉಳಿಯುತ್ತದೆ. ಮೈಲಾರದ ಕಾರಣಿಕದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಅಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದು ವಾಕ್ಯವನ್ನು ನುಡಿಯುತ್ತಾನೆ. ಅದರ ಅರ್ಥವನ್ನು ಮಳೆಗೋ ಬೆಳೆಗೋ ರಾಜಕೀಯಕ್ಕೋ ಹಚ್ಚುವವರು ನೆರೆದ ಜನ. ಒಂದು ಕಡೆ ಲಿಪಿ ಮುಚ್ಚಿದೆ, ಇನ್ನೊಂದು ಕಡೆ ಅರ್ಥ ತೆರೆದಿದೆ. ಎರಡೂ ಕಡೆ ಹೇಳಿದವನಷ್ಟೇ ಕೇಳಿದವನೂ ಕರ್ತೃ.

ಈ ಎರಡನೆಯ ವಿಜಯನಗರದಿಂದ ಅರಸುಮನೆಗಳಿಗೂ ಲಾಭವಾಯಿತು. ಮೈಸೂರಿನ ಒಡೆಯರು ರತ್ನಸಿಂಹಾಸನವನ್ನೂ 1610ರಿಂದ ನವರಾತ್ರಿಯ ಉತ್ಸವವನ್ನೂ ವಿಜಯನಗರದ ಪರಂಪರೆಗೆ ಜೋಡಿಸಿಕೊಂಡರು. ಕೆಳದಿಯವರ ಚರಿತ್ರೆಯನ್ನು ಹಾಡಿದ ಲಿಂಗಣ್ಣ ಕವಿಯೂ ಆ ನಂಟನ್ನು ಮರೆಯಲಿಲ್ಲ. ಈ ವಿಷಯದಲ್ಲಿ ಸಾಕಷ್ಟು ಬರೆದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ವಿಚಾರಣೀಯವಾದ ಪ್ರಶ್ನೆ ನಮಗೇ ಸಂಬಂಧಿಸಿದುದು. 1936ರಲ್ಲಿ ಧಾರವಾಡದಲ್ಲಿ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕ ಸಂಪುಟವು ಪ್ರಕಟವಾಯಿತು. ಅದರಲ್ಲಿ ಅಮೂಲ್ಯವಾದ ಲೇಖನಗಳಿವೆ. ಆದರೆ ಆರುನೂರೆಂಬ ಲೆಕ್ಕ ನಿಂತಿರುವುದು 1336ರ ಮೇಲೆ. ಕನ್ನಡಿಗರ ಏಕೀಕರಣಕ್ಕೆ ಆ ಸ್ಮರಣೆ ಬಲವಿತ್ತಿತೆಂಬುದು ಸಂತೋಷದ ಸಂಗತಿ. ಆದರೂ ಹದಿನಾರನೆಯ ಶತಮಾನದ ಲೇಖಕನು ಇಟ್ಟ ಇಟ್ಟಿಗೆಯ ಮೇಲೆ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಇನ್ನೊಂದನ್ನಿಟ್ಟರೆಂದು ಒಪ್ಪಿಕೊಳ್ಳಲೇಬೇಕು. ಬಾದಾಮಿಯ 1340ರ ಶಾಸನದಲ್ಲಿ ಹರಿಹರನು ಮಹಾಮಂಡಲೇಶ್ವರನಾಗಿ ಕಾಣಿಸಿಕೊಳ್ಳುತ್ತಾನೆ, ಸಾಮ್ರಾಟನಾಗಿ ಅಲ್ಲ. ಮೊದಲನೆಯ ವಿಜಯನಗರವು ಹೀಗೆ ಮೆಲ್ಲಮೆಲ್ಲನೆ, ಮುಹೂರ್ತವಿಲ್ಲದೆ ಬೆಳೆದುದು.

ಕಲ್ಲಿನ ಮೇಲಿರುವುದೆಲ್ಲ ಸತ್ಯ, ಓಲೆಯ ಮೇಲಿರುವುದೆಲ್ಲ ಕಲ್ಪನೆಯೆಂದು ವಿಂಗಡಿಸುವುದೂ ಸಾಧುವೆನಿಸದು. ಮಸ್ಕಿಯೇ ಇದಕ್ಕೆ ಸಾಕ್ಷಿ. 1915ರಲ್ಲಿ ಅಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿ, ದೇವಾನಾಂಪ್ರಿಯನು ಯಾರೆಂಬ ಸಂದೇಹವನ್ನು ಕಳೆಯಿತು. ಅದೇ ಮಸ್ಕಿಯನ್ನೇ ಹಲವರು ಚೋಳ ಶಾಸನಗಳ ಮುಶಂಗಿಯೆಂದು ಗುರುತಿಸುತ್ತಾರೆ. ಸುಮಾರು 1021ರಲ್ಲಿ ಚಾಲುಕ್ಯ ಜಯಸಿಂಹನು ಅಲ್ಲಿ ಬೆನ್ನುತೋರಿಸಿ ಓಡಿದನೆಂದು ರಾಜೇಂದ್ರಚೋಳನ ಪ್ರಶಸ್ತಿಗಳು ಸಾರುತ್ತವೆ. 1024ರ ಮೀರಜ ತಾಮ್ರಶಾಸನವು ಜಯಸಿಂಹನೇ ಚೋಳನನ್ನು ಜಯಿಸಿದನೆಂದು ಹೊಗಳುತ್ತದೆ. ಎರಡೂ ಸಮಕಾಲೀನ, ಎರಡೂ ಅಕೃತ್ರಿಮ. ಆದುದರಿಂದ ಕಾಲಜ್ಞಾನಕ್ಕೆ ಕೇಳಬೇಕಾದ ಪ್ರಶ್ನೆ ಶಾಸನಕ್ಕೂ ಸಲ್ಲುತ್ತದೆ: ಇದನ್ನು ಬರೆದವನಿಗೆ ಆ ಗಳಿಗೆಯಲ್ಲಿ ಯಾವ ರಾಜ್ಯ ಬೇಕಾಗಿತ್ತು? ಕೂಟವೆಂದು ಸಾಬೀತಾದ ಪತ್ರವು 1336ಕ್ಕೆ ಸಾಕ್ಷಿಯಾಗದು. ಅದನ್ನು ಬರೆಸಿದ ಕಾಲಕ್ಕೆ ಮಾತ್ರ ಪ್ರಥಮ ದರ್ಜೆಯ ಸಾಕ್ಷಿ.

ಗ್ರಂಥಸಂಪಾದನೆಯಲ್ಲಿ ಈ ದೃಷ್ಟಿಯಿಂದ ಒಂದು ಬದಲಾವಣೆ ಅವಶ್ಯವಾಗಿದೆ. ಕಾಲಜ್ಞಾನದ ಹಲವು ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕನು ಸಹಜವಾಗಿಯೇ ಮೂಲಪಾಠವನ್ನು ಅರಸುತ್ತಾನೆ. ಒಂದೇ ಪ್ರತಿಯಲ್ಲಿರುವ ಹೆಚ್ಚಿನ ವಚನಗಳನ್ನು ಪ್ರಕ್ಷಿಪ್ತವೆಂದು ಕಂಸದಲ್ಲಿಡುತ್ತಾನೆ, ಇಲ್ಲವೆ ಬಿಟ್ಟೇ ಬಿಡುತ್ತಾನೆ. ಪಂಪನಿಗೂ ರನ್ನನಿಗೂ ಇದು ಸರಿಯಾದ ಕ್ರಮ. ಹಲವರು ಕೂಡಿ ಕಟ್ಟಿದ ಗ್ರಂಥದಲ್ಲಿ ಪ್ರಕ್ಷಿಪ್ತವೇ ಮೂಲ. ಸಂವತ್ಸರವನ್ನು ತಿದ್ದಿದ ಗುರುತು, ‘ತುರುಕರು’ ಎಂದಿದ್ದಲ್ಲಿ ಬೇರೊಂದು ಹೆಸರನ್ನು ಹೊಡೆದು ಬರೆದ ಸಾಲು, ಕೊನೆಯ ಓಲೆಯ ಬೇರೆ ಕೈಬರೆಹ, ಇವುಗಳನ್ನು ಪ್ರತಿಪ್ರತಿಯಾಗಿ ಅಚ್ಚುಹಾಕಿದರೆ ಮಾತ್ರ ಯಾವ ಊರಿನವನು ಯಾವ ಸುತ್ತಿನಲ್ಲಿ ವಸಂತರಾಯನಿಗಾಗಿ ಕಾದಿದ್ದನೆಂಬುದು ತಿಳಿದೀತು. ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಪ್ರತಿಗಳ ಕಡೆಯ ಓಲೆಗಳೇ ಹೆಚ್ಚಾಗಿ ಹುಳು ತಿಂದಿರುತ್ತವೆ. ಮೊದಲು ಛಾಯಾಚಿತ್ರ ತೆಗೆಯಬೇಕಾದುದು ಅವುಗಳನ್ನೇ.